ಎಂಟನೇ ಕೋಟೆಯ ಹುಳು

ಎಂಟು ಕೋಟೆಗಳ ಆಚೆ, ಬೆಳಗೇ ಆಗದ ಒಂದು ಊರಿತ್ತಂತೆ. ಉರಿಯುವ ದೀಪವೊಂದನ್ನು ಅಲ್ಲಿಗೆ ಮುಟ್ಟಿಸಿದರೆ ಸೂರ್ಯ ಹುಟ್ಟುತ್ತಾನೆಂದು ಯಾರೋ ಹೇಳಿದರಂತೆ. ಇನ್ನೂ ಮೀಸೆ ಬಾರದ ಒಬ್ಬ ದೊರೆಮಗ ದೀಪ ಹಿಡಿದು ಹೊರಟೇಬಿಟ್ಟನಂತೆ. ಮೊದಲ ಕೋಟೆಯಲ್ಲಿ ಬಾವಲಿಗಳು, ಎರಡನೆಯದರಲ್ಲಿ ಬೆಂಕಿಯ ಹೊಳೆ, ಮೂರನೆಯದರಲ್ಲಿ ನಡೆದಾಡುವ ಕಲ್ಲುಗಳು. ಹೀಗೆ ಏಳನ್ನೂ ದಾಟಿ ಎಂಟನೇ ಕೋಟೆಯ ಬಾಗಿಲಿಗೆ ಬಂದನಂತೆ.

ಅಜ್ಜಿಯ ಕತೆ ಪ್ರತಿಸಲವೂ ಅಲ್ಲಿಗೇ ನಿಲ್ಲುತ್ತಿತ್ತು.

"ಆಮ್ಯಾಕೆ?" ಎಂದು ನಾನು ಅವಳ ಸೆರಗು ಎಳೆಯುತ್ತಿದ್ದೆ.

"ಆಮ್ಯಾಕೆ ನಂಗೇನ್ ಗೊತ್ತು ಮಗ? ನೋಡ್ದೆ ಇರೋದ್ನ ಹೆಂಗ್ ಹೇಳ್ಲಿ? ನೀನು ಗೆದ್ದು ತೋರ್ಸು, ಹೇಳ್ತೀನಿ."

ಮಿಕ್ಕ ಕತೆಗಳೆಲ್ಲ ಅಜ್ಜಿಗೆ ಅವಳ ತಾಯಿಯಿಂದ ಬಂದಿದ್ದವು. ಇದೊಂದು ಮಾತ್ರ ಟಿ.ವಿ. ಗೇಮಿನಿಂದ ಬಂದದ್ದು. ನಮ್ಮ ಕೈಲಾಂಚದ ಕಡೆಯ ರೇಷ್ಮೆ ಬೆಳೆಯುವವರಿಗೆ ಬಿಳಿ ಗೂಡು ತೆಗೆಯುವುದನ್ನು ಕಲಿಸಲು ಮೂವತ್ತು ವರ್ಷಗಳ ಹಿಂದೆ ಜಪಾನಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ನಮ್ಮ ಹುಳು ಮನೆಯಲ್ಲೇ ಹುಳುವಿನ ತಟ್ಟೆ ಹಿಡಿದು ನಿಂತು ಕಲಿಸಿ, ಅಜ್ಜಿ ಮಾಡಿದ ಉಪ್ಸಾರು ಉಂಡು, ಹೋಗುವಾಗ ಬಾಲರಾಜು ಚಿಕ್ಕಪ್ಪನ ಕೈಗೆ ತಮ್ಮ ಮಗನ ಗೇಮ್ ಡಬ್ಬಿಯನ್ನೂ ಒಂದೇ ಒಂದು ಕ್ಯಾಸೆಟ್ಟನ್ನೂ ಕೊಟ್ಟು ಹೋದರು. ಚಿಕ್ಕಪ್ಪನಿಗೆ ಮೊಪೆಡ್ ಬಂದ ವರ್ಷ ಅದು ನನ್ನದಾಯಿತು. "ತಗೊಳಮ್ಮಿ, ನಿಂದೇ ಇಟ್ಕೊ" ಎಂದಿದ್ದ.

ಎಂಟನೇ ಕೋಟೆಯನ್ನು ನಾನು ಎರಡೇ ಸಲ ಮುಟ್ಟಿದ್ದೆ. ಎರಡು ಸಲವೂ ಅಜ್ಜಿ ಸಂಜೆಯ ಸೊಪ್ಪು ಹಾಕಲು ಹುಳು ಮನೆಗೆ ಹೋಗಿದ್ದಳು. ಎರಡು ಸಲವೂ ಬಾಗಿಲಿಗೆ ಅಡ್ಡ ಮಲಗಿದ್ದ ದೊಡ್ಡ ಬಿಳಿ ಹಾವನ್ನು ಹೊಡೆಯಲು ಹೋಗಿ ನನ್ನ ದೊರೆಮಗ ಸತ್ತ. ಆಮೇಲೆ ಡಬ್ಬಿಯೇ ಸುಟ್ಟುಹೋಯಿತು. ಒಂಬತ್ತು ವರ್ಷದ ನಾನು ಅಳುತ್ತಾ ಅಜ್ಜಿಗೆ ಮಾತು ಕೊಟ್ಟೆ: "ಹೆಂಗಾದ್ರೂ ಅವನ್ನ ಆ ಊರಿಗೆ ಮುಟ್ಟಿಸ್ತೀನಿ, ನೀನೇ ನೋಡ್ತೀಯ." ಕ್ಯಾಸೆಟ್ ಅದರ ರಟ್ಟಿನ ಪೆಟ್ಟಿಗೆಯೊಳಗೆ ಅಟ್ಟ ಸೇರಿತು. ದೊರೆಮಗ ದೀಪ ಹಿಡಿದು ಅಲ್ಲೇ ಕಾಯುತ್ತಿದ್ದಾನೆಂದು ದೊಡ್ಡವಳಾದ ಮೇಲೂ ಎಷ್ಟೋ ಸಲ ಅನ್ನಿಸಿದೆ. ಅಜ್ಜಿಗೆ ಈಗ ಎಂಬತ್ತೆರಡು.

ಈ ಸಲ ಯುಗಾದಿಗೆ ಅಟ್ಟ ಗುಡಿಸುವಾಗ ಪೆಟ್ಟಿಗೆ ಸಿಕ್ಕಿತು. ಚಿಕ್ಕಪ್ಪ ಸುಮ್ಮನೆ ಒಂದು ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದ. ಹುಡುಕಿದವನು ಮೆಟ್ಟಿಲ ಮೇಲೇ ಕೂತುಬಿಟ್ಟ.

"ನವ್ಯ, ಇಂತದ್ದೇ ಒಂದು, ಪೆಟ್ಗೆ ಸಮೇತ, ಹರಾಜಲ್ಲಿ ಒಂದು ಲಕ್ಷದ ಹತ್ತು ಸಾವ್ರಕ್ಕೆ ಹೋಗೈತೆ ಕಣಮ್ಮಿ!"

ಅವತ್ತಿನವರೆಗೆ ಇಲಿ ಓಡಾಡುತ್ತಿದ್ದ ಪೆಟ್ಟಿಗೆಗೆ ಅಂದೇ ರೇಷ್ಮೆ ಸೀರೆಯ ಕವರ್ ಸಿಕ್ಕಿ, ಬೀರುವಿನೊಳಗೆ ಬೀಗ ಬಿತ್ತು. ಹಳೇ ಗೇಮುಗಳನ್ನು ಕೂಡಿಡುವ ಬೆಂಗಳೂರಿನ ಅಶೋಕ್ ಎಂಬುವರು ಫೋಟೋ ನೋಡಿ, ಪೆಟ್ಟಿಗೆಯೂ ಕ್ಯಾಸೆಟ್ಟಿನ ಮೇಲಿನ ಚೀಟಿಯೂ ಚೊಕ್ಕಟವಾಗಿದ್ದರೆ ಎಂಬತ್ತು ಸಾವಿರ ಎಂದರು. ಭಾನುವಾರ ಬರುವುದೆಂದಾಯಿತು.

"ಮಾರು, ಬೇಡ ಅನ್ನಲ್ಲ," ಎಂದೆ ಚಿಕ್ಕಪ್ಪನಿಗೆ. "ಆದ್ರೆ ಅಜ್ಜಿಗೆ ಆಡಿ ತೋರ್ಸಿ ಆಮೇಲೆ ಕೊಡೋದು."

"ತಲೆ ಗಿಲೆ ಕೆಟ್ಟೈತಾ? ಆಡ್ದಷ್ಟೂ ರೇಟ್ ಬೀಳ್ತದೆ."

"ನಿಂದೇ ಇಟ್ಕೊ ಅಂದಿದ್ದೆ ನೀನು."

"ಅವಾಗ ಅದು ಲಕ್ಷದ್ದಾಗಿರ್ಲಿಲ್ಲ ಕಣಮ್ಮಿ," ಎಂದು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಭಾನುವಾರ ಮಧ್ಯಾಹ್ನ ಅಶೋಕ್ ಬಂದರು. ಪರೀಕ್ಷೆಗೆಂದು ತಮ್ಮದೇ ಹಳೆಯ ಡಬ್ಬಿಯನ್ನೂ ತಂದಿದ್ದರು. ಕೈಗೆ ಬಿಳಿ ಗ್ಲೌಸ್ ಹಾಕಿ, ಭೂತಗನ್ನಡಿ ಹಿಡಿದು, ಪೆಟ್ಟಿಗೆಯಿಂದ ಕ್ಯಾಸೆಟ್ ಎತ್ತಿ ಮಗುಚಿದರು. ಮುಖ ಸಣ್ಣದಾಯಿತು.

"ಇದೇನ್ರೀ ಇದು, ಹಳದಿ, ಕೆಂಪು? ಫೋಟೋದಲ್ಲಿ ಈ ಕಡೆ ತೋರಿಸಿರಲಿಲ್ಲ."

ಮಣೆ ಮೇಲೆ ಕೂತಿದ್ದ ಅಜ್ಜಿಗೆ ಹೆಮ್ಮೆ ಉಕ್ಕಿತು. "ಅರಿಶ್ನ ಕುಂಕುಮ ಕಣಪ್ಪ. ಆಯುಧ ಪೂಜೆಲಿ ಇಟ್ಟಿದ್ದು. ಕುಡ್ಲುಗೆ, ಸೊಪ್ಪು ಕತ್ರಿಸೋ ಕತ್ತಿಗೆ, ಗಾಡಿಗೆ, ಎಲ್ಲಕ್ಕೂ ಇಡ್ತೀನಿ. ಇದೂ ಮಗ ಆಡೋ ಸಾಮಾನಲ್ವಾ? ಅಟ್ಟ ಹತ್ತಿದ್ ಮ್ಯಾಲೂ ಒಂದ್ ವರ್ಷನೂ ತಪ್ಸಿಲ್ಲ."

ಅಶೋಕ್ ಬೆರಳು ಮಡಿಸಿ ಲೆಕ್ಕ ಹಾಕಿದಂತೆ ಮಾಡಿದರು. "ಚೀಟಿ ಪೂರ್ತಿ ಹಾಳಾಗಿದೆ ಅಜ್ಜಿ. ಪೆಟ್ಟಿಗೆಗೂ ಬಣ್ಣ ಇಳಿದಿದೆ. ಹದಿನೈದು ಸಾವಿರ. ಅದೂ ಆನ್ ಆದರೆ."

"ಅವ್ವಾ! ಲಕ್ಷದ ಮ್ಯಾಲೆ ಅರಿಶ್ನ ಬಳ್ದ್ಬುಟ್ಯಲ್ಲವ್ವಾ!" ಚಿಕ್ಕಪ್ಪ ಕಂಬಕ್ಕೆ ತಲೆ ಆನಿಸಿದ.

ಅಜ್ಜಿ ತನ್ನ ಬಲಗೈಯ ಉಂಗುರಬೆರಳನ್ನು ನೋಡಿಕೊಂಡಳು. ವರ್ಷಾ ವರ್ಷಾ ಬೊಟ್ಟಿಟ್ಟ ಬೆರಳು. ಅದನ್ನು ಮೆಲ್ಲಗೆ ಸೆರಗಿನೊಳಗೆ ಅಡಗಿಸಿಕೊಂಡಳು. ಅದನ್ನು ಕಂಡ ಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

"ಡಬ್ಬಿ ಟಿ.ವಿ.ಗೆ ಸಿಕ್ಕಿಸಿ ಸಾರ್. ಪೂರ್ತಿ ಆಡಿ ಮುಗಿಸಿ ಕೊಡ್ತೀನಿ."

"ಆನ್ ಆಗುತ್ತಾ ಅಂತ ಒಂದು ನಿಮಿಷ ನೋಡಿದರೆ ಸಾಕಮ್ಮ. ಮೂವತ್ತು ವರ್ಷದ ಮಾಲು. ಎರಡು ಗಂಟೆ ಬಿಸಿಯಾದರೆ ಸತ್ತರೂ ಸಾಯಬಹುದು. ಸತ್ತ ಮೇಲೆ ಐನೂರಕ್ಕೂ ನನಗೆ ಬೇಡ." ಆಮೇಲೆ ದನಿ ತಗ್ಗಿಸಿದರು. "ಈಗಲೇ ಕೊಟ್ಟುಬಿಡಿ, ಇಪ್ಪತ್ತೈದು ಮಾಡಿಕೊಡ್ತೀನಿ."

"ಕೊಡಮ್ಮಿ, ಕೊಟ್ಬುಡು!" ಎಂದ ಚಿಕ್ಕಪ್ಪ.

"ಇಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?" ಎಂದರು ಅಶೋಕ್.

ನಾನು ಅಜ್ಜಿಯ ಕಡೆ ನೋಡಿದೆ. "ಇವಳಿಗೆ. ಆ ಹುಡುಗನಿಗೂ."

ಅವರು ನಗಲಿಲ್ಲ. ಗ್ಲೌಸ್ ಬಿಚ್ಚಿ, ವೈರು ಸಿಕ್ಕಿಸಿ, ಚಾಪೆಯ ಮೇಲೆ ಕೂತರು. "ಇಂಥವು ನನ್ನ ಹತ್ತಿರ ನಾಲ್ಕಿವೆ. ಒಂದನ್ನೂ ಆಡಿಲ್ಲ. ಕೊನೇ ಕೋಟೆ ಹೇಗಿರುತ್ತೆ ಅಂತ ನನಗೂ ಗೊತ್ತಿಲ್ಲ," ಎಂದರು.

ಎರಡು ಗಂಟೆಗೆ ಶುರು ಮಾಡಿದೆ. ನಾಲ್ಕಕ್ಕೆ ನಮ್ಮೂರಲ್ಲಿ ದಿನಾ ಕರೆಂಟ್ ಹೋಗುವ ಹೊತ್ತು. ಬೆರಳುಗಳಿಗೆ ದಾರಿ ಮರೆತಿರಲಿಲ್ಲ. ಅಜ್ಜಿ ಒಳಗೆ ಹೋಗಿ ಸೊಪ್ಪು ಹಾಕುವ ಕೆಲಸವನ್ನು ಮೊದಲ ಸಲ ಅಮ್ಮನಿಗೆ ಬಿಟ್ಟು ಬಂದಳು. ಬಾವಲಿ ಬಂದಾಗ "ಬಗ್ಗು ಮಗ" ಎಂದಳು. ಬೆಂಕಿಹೊಳೆ ಬಂದಾಗ ತಾನೇ ಸೀರೆ ನೆರಿಗೆ ಎತ್ತಿಕೊಂಡಳು. ಐದನೇ ಕೋಟೆಯ ಹೊತ್ತಿಗೆ ಚಿಕ್ಕಪ್ಪನೂ ಕಂಬ ಬಿಟ್ಟು ಬಂದು ಕೂತ. ಏಳನೆಯದರಲ್ಲಿ ಪರದೆ ಒಮ್ಮೆ ಅದುರಿತು. ಅಶೋಕ್ ಡಬ್ಬಿಗೆ ಕೈಯಿಟ್ಟು "ಸುಡ್ತಿದೆ" ಎಂದರು. ನಾನು ನಿಲ್ಲಿಸಲಿಲ್ಲ.

ಮೂರೂ ಮುಕ್ಕಾಲಿಗೆ ಎಂಟನೇ ಕೋಟೆ ಬಂತು. ನನ್ನ ಹತ್ತಿರ ಒಂದೇ ಜೀವ. ದೊರೆಮಗನ ದೀಪದ ಎಣ್ಣೆ ಕಾಲು ಭಾಗ. ಬಾಗಿಲಿಗೆ ಅಡ್ಡವಾಗಿ ಅದೇ ಬಿಳಿ ಹಾವು, ತಲೆ ಮೇಲೆತ್ತಿ, ಅಲ್ಲಾಡದೆ.

"ಹೊಡಿಯಮ್ಮಿ, ತಲೆಗೇ ಹೊಡಿ!" ಚಿಕ್ಕಪ್ಪ ಕೂಗಿದ.

"ಮುಟ್ಬ್ಯಾಡ!"

ಅಜ್ಜಿ ಪರದೆಯ ಹತ್ತಿರಕ್ಕೇ ತೆವಳಿಕೊಂಡು ಹೋಗಿದ್ದಳು. "ಹಾವಲ್ಲ ಕಣೋ ಇದು, ಹುಳ! ತಲೆ ಎತ್ಕಂಡು ಕಲ್ಲಂಗೆ ಕೂತಿರೋದು ಕಾಣಾಕಿಲ್ವಾ? ಜ್ವರಕ್ಕೆ ಕೂತೈತೆ."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಹೀಗೇ ಕೂರುತ್ತದೆ. ಅದನ್ನೇ ನಾವು ಜ್ವರ ಎನ್ನುವುದು. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ನಮ್ಮ ಕಡೆ ಮೂರು ವರ್ಷದ ಮಗುವಿಗೂ ಇದು ಗೊತ್ತು. ಹುಳು ಮನೆಯಲ್ಲೇ ಬೆಳೆದ ನಾನು ಅದನ್ನು ಹಾವೆಂದುಕೊಂಡು ಎರಡು ಸಲ ಸತ್ತಿದ್ದೆ.

"ಎಷ್ಟೊತ್ತು ಅಜ್ಜಿ?"

"ಅದು ಏಳೋಗಂಟ."

ನಾನು ಎರಡೂ ಹೆಬ್ಬೆರಳನ್ನು ಗುಂಡಿಗಳಿಂದ ಎತ್ತಿದೆ. ದೀಪ ಚಿಕ್ಕದಾಗುತ್ತಾ ಬಂತು. ಅಶೋಕ್ ಕಾಲು ಮಡಿಸಿದರು, ಬಿಟ್ಟರು. "ಎಣ್ಣೆ ಮುಗೀತಾ ಇದೆ, ಏನಾದ್ರೂ ಒತ್ತಮ್ಮ!" ಎಂದರು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ಬೆರಳುಗಳು ತಾವಾಗಿಯೇ ಕೆಳಗಿಳಿಯಲು ನೋಡುತ್ತಿದ್ದವು. ನಾನು ಅವನ್ನು ಮಡಿಸಿ ಮುಷ್ಟಿ ಕಟ್ಟಿದೆ. ನಾಲ್ಕಕ್ಕೆ ಮೂರು ನಿಮಿಷ. ಪರದೆಯಲ್ಲಿ ದೀಪವೆಂದರೆ ಒಂದು ಹಳದಿ ಚುಕ್ಕಿ ಮಾತ್ರ, ಅಜ್ಜಿಯ ಬೆರಳಿನ ಅರಿಶಿನದಷ್ಟು.

ಹುಳುವಿನ ಕತ್ತಿನ ಹಿಂದೆ ಒಂದು ಗೆರೆ ಬಿರಿಯಿತು. ಪೊರೆ ಹಿಂದಕ್ಕೆ ಜಾರಿತು. ಹೊಸ ಮೈಯ ಹುಳು ತಲೆ ತಗ್ಗಿಸಿ, ಮೆಲ್ಲಗೆ ಗೋಡೆ ಹತ್ತಿ ಹೋಯಿತು.

"ಎದ್ಬುಡ್ತು!" ಅಜ್ಜಿ ಸೆರಗಿನಿಂದ ಕೈ ಹೊರತೆಗೆದು ಚಪ್ಪಾಳೆ ತಟ್ಟಿದಳು. "ಓಡು ಮಗ!"

ಓಡಿದೆ. ತೆರೆದ ಬಾಗಿಲು ದಾಟಿ ಕತ್ತಲ ಬೀದಿಗಳಲ್ಲಿ ಓಡಿ, ಊರ ನಡುವಿನ ಕಲ್ಲುಕಂಬದ ಮೇಲೆ ಆ ಚುಕ್ಕಿಯನ್ನು ಇಟ್ಟೆ. ಪರದೆ ಮೊದಲು ನೀಲಿಯಾಯಿತು, ಆಮೇಲೆ ಕೆಂಪು, ಆಮೇಲೆ ಸಣ್ಣ ಸಣ್ಣ ಚೌಕಗಳ ಒಬ್ಬ ಸೂರ್ಯ ಮನೆಗಳ ಹಿಂದಿನಿಂದ ಮೇಲೆ ಬಂದ. ಬಾಗಿಲುಗಳು ಒಂದೊಂದಾಗಿ ತೆರೆದವು.

ಅಜ್ಜಿ ನನ್ನ ಕಡೆ ತಿರುಗದೆ, ಪರದೆಯನ್ನೇ ನೋಡುತ್ತಾ, ಹದಿನೈದು ವರ್ಷದ ಹಿಂದೆ ನಿಲ್ಲಿಸಿದ್ದಲ್ಲಿಂದ ಶುರು ಮಾಡಿದಳು.

"ಆಮ್ಯಾಕೆ ಆ ದೊರೆಮಗ ಏನ್ ಮಾಡ್ದ ಅಂದ್ರೆ, ಹುಳ ಜ್ವರದಿಂದ ಏಳೋಗಂಟ ಕಾದ. ದೀಪ ತಗೊಂಡೋಗಿ ಇಟ್ಟ. ಊರ್ಗೆ ಬೆಳಗಾಯ್ತು."