ಬಾಗಿಲು ಮುಂದೆ ಮಾಡಿದವಳು

ಕೇತೋ ಬೇಸಿಗೆಯವರೆಗಾದರೂ ಇಲ್ಲೇ ಇರಬೇಕು, ನಡುವೆ ಬಿಟ್ಟು ಹೋಗಬಾರದು. ಆ ಚಳಿಗಾಲದಲ್ಲಿ ಪಿಹ್ಲಾಳಿಗೆ ಇದ್ದದ್ದು ಇದೊಂದೇ ಹಂಬಲ. ಜಾರ್ಜಿಯಾದಿಂದ ಒಂದು ವರ್ಷದ ಓದಿಗೆಂದು ಫಿನ್‌ಲೆಂಡಿನ ಯೋಎನ್ಸೂ ಊರಿಗೆ ಬಂದಿಳಿದ ಕೇತೋಳನ್ನು ನಿಲ್ದಾಣದಿಂದ ಕರೆತಂದವಳು ಅವಳೇ. ಹೊರದೇಶದ ವಿದ್ಯಾರ್ಥಿಗಳಿಗೆ ಜೊತೆಯಾಗುವ ಸ್ವಯಂಸೇವಕರಲ್ಲಿ ಪಿಹ್ಲಾಳೂ ಒಬ್ಬಳು. ಅಂಗಡಿಯಲ್ಲಿ ಬೇಕಾಗುವ ಫಿನ್ನಿಶ್ ಮಾತು, ಹಬೆಸ್ನಾನದ ಸೌನಾದಲ್ಲಿ ಕೂರುವ ರೀತಿ, ಹೆಪ್ಪುಗಟ್ಟಿದ ದಾರಿಯಲ್ಲಿ ಜಾರದೆ ನಡೆಯುವ ಬಗೆ, ಎಲ್ಲ ಕಲಿಸಿದಳು. ಕಲಿಸುತ್ತ ಕಲಿಸುತ್ತ ಗೆಳತಿಯಾದಳು. ಅವಳಿಗೆ ಬೇರೆ ಗೆಳತಿಯರು ಹೆಚ್ಚಿರಲಿಲ್ಲ.

“ಬಸ್ಸಿಗೆ ಕಾಯೋವಾಗ್ಲೂ ಇಷ್ಟು ದೂರ ದೂರ ನಿಲ್ತೀರಲ್ಲೇ, ಊರಿಗೂರೇ ಜಗಳ ಆಡ್ಕೊಂಡಿದೀರಾ?” ಎಂದು ಕೇತೋ ಛೇಡಿಸುತ್ತಿದ್ದಳು.

“ಜಗಳ ಆಗ್ಬಾರ್ದು ಅಂತಾನೇ ದೂರ ನಿಲ್ಲೋದು ಕಣೆ.”

ಜನವರಿಯಲ್ಲಿ ಕೇತೋಳ ತಮ್ಮ ಊರಲ್ಲಿ ಕಾರು ಅಪಘಾತವಾಗಿ ತೀರಿಕೊಂಡ. ಮಗಳ ಪರೀಕ್ಷೆ ಕೆಡುತ್ತದೆಂದು ತಾಯಿ ಮಣ್ಣು ಮಾಡಿದ ಮೇಲೆಯೇ ತಿಳಿಸಿದಳು. ಕೇತೋ ಎಲ್ಲರಿಗೂ ಒಂದು ಸಾಲಿನ ಸಂದೇಶ ಕಳಿಸಿ ಕೋಣೆ ಸೇರಿದಳು.

“ಈಗ್ಲೇ ಹೋಗ್ಲಾ?” ಪಿಹ್ಲಾ ಜೊತೆಯ ಸ್ವಯಂಸೇವಕ ಒತ್ಸೋನನ್ನು ಕೇಳಿದಳು.

“ಹೋಗಿ ಏನ್ ಮಾಡ್ತೀಯ? ಅಳೋರ ಮುಖ ನೋಡ್ತಾ ಕೂರ್ತೀಯಾ? ನಮ್ಮಜ್ಜ ಹೋದಾಗ ಒಬ್ರೂ ಬಂದು ಕಾಟ ಕೊಡ್ಲಿಲ್ಲ. ಎಷ್ಟು ಒಳ್ಳೇ ಜನ ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ.”

ಪಿಹ್ಲಾ ಬೆಳೆದದ್ದೂ ಹಾಗೆಯೇ. ದುಃಖದಲ್ಲಿದ್ದವರ ಬಾಗಿಲು ತಟ್ಟಬಾರದು. ಮೀನಿನ ಸಾರು ಮಾಡಿ, ಡಬ್ಬಿಗೆ ತುಂಬಿ ಚೀಲದಲ್ಲಿಟ್ಟುಕೊಂಡು, ಹಾಸ್ಟೆಲಿನ ಮೆಟ್ಟಿಲನ್ನು ಸದ್ದಾಗದಂತೆ ಹತ್ತಿದಳು. ಬಾಗಿಲ ಹಿಡಿಕೆಯಲ್ಲಿ ಬೇರೆಯವರು ಬಿಟ್ಟುಹೋದ ಊಟದ ಚೀಲಗಳೂ ತೂಗುತ್ತಿದ್ದವು. ಬಾಗಿಲು ಅರ್ಧ ತೆರೆದಿತ್ತು. ಮಂಚದಿಂದ ಇಳಿಬಿದ್ದ ಕೇತೋಳ ಪಾದ ಕಂಡಿತು. ಬಾಗಿಲು ಹಾಕುವುದನ್ನು ಮರೆತಿದ್ದಾಳೆ, ಪಾಪ, ಓಡಾಡುವವರೆಲ್ಲ ಇಣುಕುತ್ತಾರೆ ಎಂದುಕೊಂಡು ಪಿಹ್ಲಾ ಚೀಲ ತೂಗುಹಾಕಿ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು. ಮರುದಿನವೂ ತೆರೆದಿತ್ತು. ಮರುದಿನವೂ ಮುಚ್ಚಿದಳು.

ಆಮೇಲೆ ಬಾಗಿಲು ತೆರೆದಿರಲಿಲ್ಲ.

ಕೆಲವು ದಿನ ಕಳೆದು ಕೇತೋಳೇ ಕರೆದಳು. ಪಿಹ್ಲಾ ಹೋದಾಗ ಸೂಟ್‌ಕೇಸು ತುಂಬಿ ಆಗಿತ್ತು.

“ಹೋಗ್ಬೇಡ ಕಣೆ. ಪರೀಕ್ಷೆ ಮುಂದಕ್ಕೆ ಹಾಕ್ಸೋಣ, ನಾನು ಮಾತಾಡ್ತೀನಿ.”

“ಪರೀಕ್ಷೆ ಯಾರಿಗೆ ಬೇಕಿತ್ತೇ.” ಕೇತೋ ಮಂಚದ ತುದಿಯಲ್ಲಿ ಕೂತಳು. “ನಮ್ಮಲ್ಲಿ ಸಾವಾದ ಮನೆ ಬಾಗಿಲು ಹಾಕಲ್ಲ. ಜನ ಬರ್ತಾರೆ. ಗುರುತಿಲ್ದೋರೂ ಬಂದು ಸುಮ್ನೆ ಕೂರ್ತಾರೆ. ನಾನೂ ತೆಗೆದಿಟ್ಟು ಕಾದೆ. ಯಾರೋ ಬರೋರು, ನಿಲ್ಲೋರು, ಮುಚ್ಕೊಂಡು ಹೋಗೋರು. ನನ್ನ ಅಳು ಇವ್ರಿಗೆ ಅಷ್ಟು ಅಸಹ್ಯವಾ ಅನ್ಕೊಂಡೆ.”

ಪಿಹ್ಲಾ ಬಾಗಿಲ ಕಡೆ ನೋಡಿದಳು. “ಮುಚ್ಚಿದ್ದು ನಾನೇ. ನಿನಗೆ ತೊಂದ್ರೆ ಆಗ್ಬಾರ್ದು ಅಂತ…”

“ಗೊತ್ತು. ಅಷ್ಟು ಮೆಲ್ಲಗೆ ಮುಚ್ಚೋಳು ಇನ್ಯಾರಿದಾರೆ?”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾಡಿಯಾದರೂ ಉಳಿಸಿಕೊಳ್ಳಬಹುದಿತ್ತು.

ನಿಲ್ದಾಣದಲ್ಲಿ ಹಿಮ ಬೀಳುತ್ತಿತ್ತು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದ ಪಿಹ್ಲಾ ಬೇರೇನನ್ನೋ ಕೇಳಿಬಿಟ್ಟಳು.

“ನಿನ್ನ ತಮ್ಮ ಹೇಗಿದ್ದ?”

ಕೇತೋ ಕಣ್ಣೆತ್ತಿ ನೋಡಿದಳು. ಇಷ್ಟು ದಿನದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

“ರೇಜೋನಾ? ಮಹಾ ಸುಳ್ಳ.” ಅವಳು ನಗಲು ನೋಡಿದಳು. “ಒಂದ್ಸಲ ಏನ್ ಮಾಡ್ದ ಗೊತ್ತಾ, ಪಕ್ಕದ್ಮನೆ ಕತ್ತೆ ಹೊಡ್ಕೊಂಡ್ಬಂದು ನಮ್ಮ ಅಡುಗೆಮನೇಲಿ ಕಟ್ಟಾಕಿ, ಅಮ್ಮ ಕೇಳಿದ್ರೆ…”

ರೈಲು ಬಂತು. ಕೇತೋ ಮಾತು ನಿಲ್ಲಿಸಿ ಸೂಟ್‌ಕೇಸು ಎತ್ತಿಕೊಂಡಳು.

“ಆಮೇಲೆ?” ಪಿಹ್ಲಾ ಜೊತೆಗೇ ನಡೆದಳು. “ಆಮೇಲೆ ಏನಾಯ್ತೇ?”

ಕೇತೋ ಮೆಟ್ಟಿಲ ಮೇಲೆ ನಿಂತು ತಿರುಗಿದಳು.

“ಈಗ ಕೇಳ್ತೀಯಲ್ಲೇ,” ಅಂದಳು. ಒಳಗೆ ಹೋದಳು.