ಡಾಕ್ಟರಿಗೊಂದು ಶಿಫಾರಸು

ನಮ್ಮ ಯಜಮಾನರು ಡಾಕ್ಟರ್ ಬಸವರಾಜಪ್ಪನವರಿಗೆ ಎರಡು ಮಾತು ಮೈಗೆ ಹಿಡಿಸುವುದಿಲ್ಲ. ಒಂದು, ಉಪ್ಪು ಕಡಿಮೆ ಮಾಡಿ ಎನ್ನುವುದು. ಇನ್ನೊಂದು, ನೀವು ಕಲಿಯುವುದು ಇನ್ನೂ ಇದೆ ಎನ್ನುವುದು. ಮೊದಲನೆಯದನ್ನು ಅವರೇ ಅಜ್ಜಂಪುರದ ಬಿ.ಪಿ. ರೋಗಿಗಳಿಗೆಲ್ಲ ಹೇಳುತ್ತಾರೆ, ಎರಡನೆಯದನ್ನು ಎದುರು ಸಿಕ್ಕ ಕಾಲೇಜು ಹುಡುಗರಿಗೆಲ್ಲ ಹೇಳುತ್ತಾರೆ. ಅದೇ ಮಾತನ್ನು ಅವರಿಗೆ ಹೇಳಿದರೆ ಮಾತ್ರ ಮೂಗು ಕೆಂಪಗಾಗುತ್ತದೆ.

ಇಂಥವರ ಮೇಲೆ ವೈದ್ಯರ ಕೌನ್ಸಿಲ್ಲಿನ ನಿಯಮ ಬಂದು ಕೂತಿತು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅದಕ್ಕೆ ಕಾರ್ಯಾಗಾರಗಳಿಗೆ ಹೋಗಿ, ಹೊಸದಾಗಿ ಬಂದ ವಿಷಯ ಕೇಳಿಸಿಕೊಂಡು, ಅಂಕ ಸೇರಿಸಿಕೊಳ್ಳಬೇಕು. ಅಂಕ ಸಾಲದಿದ್ದರೆ ನವೀಕರಣವಿಲ್ಲ, ನವೀಕರಣವಿಲ್ಲದಿದ್ದರೆ ಸ್ಟೆತಾಸ್ಕೋಪನ್ನು ಗೂಟಕ್ಕೆ ನೇತುಹಾಕಬೇಕು. ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವುದು, ಔಷಧಿ ತರಿಸುವುದು, ಸರದಿ ತಪ್ಪಿಸಿದವರ ಜೊತೆ ಜಗಳವಾಡುವುದು ಎಲ್ಲ ನನ್ನ ಪಾಲಿನದು. ಹಾಗಾಗಿ ಅಂಕದ ಚಿಂತೆಯೂ ನನ್ನ ತಲೆಗೇ ಬಂತು. ಅವರು ಜಪ್ಪಯ್ಯ ಅಂದರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾರ್ಯಾಗಾರಕ್ಕೆ ಹೊರಟೇ ಇಲ್ಲ ಎಂದು ಹೇಳಲಾರೆ. ಒಂದು ಸಲ ಬೀರೂರಿನ ತನಕ ಹೋಗಿ ವಾಪಸು ಬಂದರು. ದಾರಿಯಲ್ಲಿ ಯಾರಿಗೋ ಜ್ವರವಂತೆ. ಇನ್ನೊಂದು ಸಲ ಊರು ದಾಟುವ ಮೊದಲೇ ರೋಗಿಗಳ ಕೈಗೆ ಸಿಕ್ಕಿಬಿದ್ದರು. ಜನ ತಡೆಯುತ್ತಾರೆ ಎಂದು ಅವರು ದೂರುತ್ತಿದ್ದರು. ನನಗೆ ಗೊತ್ತು, ಯಾರೂ ತಡೆಯದಿದ್ದರೆ ಇವರೇ ಸ್ಕೂಟರ್ ನಿಲ್ಲಿಸಿ, ಏನಪ್ಪಾ ಕೆಮ್ಮು ಎಂದು ವಿಚಾರಿಸುವವರು.

ಅವಧಿ ಮುಗಿಯುವ ಮೊದಲು ಉಳಿದದ್ದು ಒಂದೇ ಕಾರ್ಯಾಗಾರ, ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ. ಬೆಳಿಗ್ಗೆ ಒಳಗೆ ಹೋಗುವಾಗ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ ಮೆಷಿನ್ನಿಗೆ ಹೆಬ್ಬೆರಳು ಒತ್ತಬೇಕು. ಎರಡರಲ್ಲಿ ಒಂದು ತಪ್ಪಿದರೂ ಅಂಕವಿಲ್ಲ. ಈ ಸಲ ನಾನೂ ನಮ್ಮ ನರ್ಸ್ ತನುಜಾಳೂ ಪಟ್ಟು ಹಿಡಿದೆವು. ತರೀಕೆರೆಯ ಡಾಕ್ಟರ್ ಕೃತಿಕಾ ಆ ದಿನ ನಮ್ಮ ಕ್ಲಿನಿಕ್ಕಿನಲ್ಲಿ ಕೂತು ರೋಗಿಗಳನ್ನು ನೋಡಲು ಒಪ್ಪಿದಳು. ತನುಜಾ ಸ್ಕೂಟರಿನ ಕೀಲಿ ಬಚ್ಚಿಟ್ಟಳು. ನಾನು ಬಾಡಿಗೆ ಕಾರಿನಲ್ಲಿ ಇವರ ಪಕ್ಕ ಕೂತೆ, ಗಾಜು ಇಳಿಸಲು ಬಿಡಲಿಲ್ಲ.

ಬೀರೂರು ದಾಟಿದ ಮೇಲೆ ಇವರು ಮೆತ್ತಗೆ ಬಾಯಿಬಿಟ್ಟರು.

"ಮಲ್ಲಿಕಾ, ಅಲ್ಲಿರೋರೆಲ್ಲ ನಿನ್ನೆ ಮೊನ್ನೆ ಪಾಸಾದ ಹುಡುಗ್ರು ಕಣೇ. ಅವರ ಮುಂದೆ ನಾನು ಇಷ್ಟು ವರ್ಷ ತಪ್ಪೇ ಮಾಡ್ಕಂಡು ಬಂದಿದೀನಿ ಅಂತ ಆದ್ರೆ?"

ಇಷ್ಟು ವರ್ಷ ನಾನು ಇದನ್ನು ಬರೀ ಜಂಬ ಎಂದುಕೊಂಡಿದ್ದೆ. ಹೆದರಿಕೆ ಎಂದು ತಿಳಿದಾಗ ಪಾಪ ಅನ್ನಿಸಿತು. ಗಾಜನ್ನು ಮಾತ್ರ ಇಳಿಸಲಿಲ್ಲ.

ಇಲ್ಲಿ ಕೆಂಪು ಸೂಜಿಯ ವಿಷಯ ಹೇಳಬೇಕು. ನಮ್ಮ ಕಡೆಯ ಜನಕ್ಕೆ ಮಾತ್ರೆ ಕೊಟ್ಟರೆ ಕಾಯಿಲೆ ಅರ್ಧವೂ ಹೋಗುವುದಿಲ್ಲ. ಸೂಜಿ ಬೇಕು, ಅದೂ ಔಷಧಿ ಕೆಂಪಗಿರಬೇಕು. ಇವರು ಸೊಂಟ ನೋವಿಗೂ, ಸುಸ್ತಿಗೂ, ಸೊಸೆಯ ಮೇಲಿನ ಸಿಟ್ಟಿಗೂ ಅದನ್ನೇ ಹಾಕುತ್ತಿದ್ದರು. ಅದು ವಿಟಮಿನ್ ಅಷ್ಟೇ. ರೋಗಿ ನಗುತ್ತಾ ಹೋಗುತ್ತಿದ್ದ, ಮುಂದಿನವನು ಅಂಗಿಯ ತೋಳು ಮಡಿಸಿಕೊಂಡು ಬರುತ್ತಿದ್ದ.

ಕಡೂರಿನಲ್ಲಿ ಬೆಳಗಿನ ಹೆಬ್ಬೆರಳು ಸುಸೂತ್ರವಾಗಿ ಬಿತ್ತು. ಊಟಕ್ಕೆ ಮನೆಯವರನ್ನೂ ಕರೆದಿದ್ದರು, ನಾನು ಹಿಂದಿನ ಸಾಲಿನಲ್ಲಿ ಕಾವಲು ಕೂತೆ. ಶಿವಮೊಗ್ಗದಿಂದ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಾಠ ಶುರು ಮಾಡಿದರು. ವಿಷಯ, ಅಗತ್ಯವಿಲ್ಲದೆ ಕೊಡುವ ಇಂಜೆಕ್ಷನ್‌ಗಳು. ಪರದೆಯ ಮೇಲೆ ದೊಡ್ಡ ಸಿರಿಂಜಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ಇವರ ಕುತ್ತಿಗೆ ಕಾಲರಿನೊಳಗೆ ಇಳಿಯುತ್ತಾ ಬಂತು.

ಆಗ ಬಾಗಿಲಲ್ಲಿ ಗಲಾಟೆ. ನೋಡಿದರೆ ನಮ್ಮ ಓಬಮ್ಮ, ಕ್ಲಿನಿಕ್ಕಿನ ಬೆಂಚನ್ನು ಸ್ವಂತದ್ದು ಮಾಡಿಕೊಂಡಿರುವ ಮುದುಕಿ. ಅವಳ ಹಿಂದೆ ಶಿವನಿಯ ತೆಂಗಿನ ತೋಟದ ಚಿಕ್ಕಬೀರಪ್ಪ, ಅವನ ಹಿಂದೆ ಒಂದು ಲಗೇಜ್ ಆಟೋದಲ್ಲಿ ಹಿಡಿಸುವಷ್ಟು ಜನ, ಎರಡು ಗೊನೆ ಎಳನೀರು. ಕಲ್ಯಾಣ ಮಂಟಪವಾದ್ದರಿಂದ ಅವರನ್ನು ಯಾರೂ ತಡೆದಿರಲಿಲ್ಲ.

ಆದದ್ದಿಷ್ಟು. ಭಾನುವಾರ ಡಾಕ್ಟರು ಯಾಕಿರುವುದಿಲ್ಲ ಎಂದು ಮೊದಲೇ ಕೇಳಿದವರಿಗೆ ತನುಜಾ ಸತ್ಯವನ್ನೇ ಹೇಳಿದ್ದಳು: ಕಡೂರಿಗೆ ಅಂಕ ತರಲು ಹೋಗುತ್ತಾರೆ, ಅಂಕ ಬರದಿದ್ದರೆ ಕ್ಲಿನಿಕ್ ಮುಚ್ಚಬೇಕಾಗುತ್ತದೆ. ಮಾತು ಶಿವನಿಗೆ ಮುಟ್ಟಿತು. ನಮ್ಮ ಕಡೆ ಜಮೀನಿನ ಖಾತೆ ಬದಲಾವಣೆ ತಾಲ್ಲೂಕು ಕಚೇರಿಯಲ್ಲಿ ಸಿಕ್ಕಿಕೊಂಡರೆ ಯಾರೂ ಒಂಟಿಯಾಗಿ ಹೋಗುವುದಿಲ್ಲ. ನಾಲ್ಕು ಜನ ಹಿರಿಯರು ಜೊತೆಗೆ ಹೋಗಿ, ನಮ್ಮವನೇ ಸಾರ್, ಸ್ವಲ್ಪ ನೋಡಿ ಎನ್ನುತ್ತಾರೆ. ಡಾಕ್ಟರ ಪರವಾಗಿಯೂ ಹಾಗೇ ಒಂದು ಮಾತು ಹೇಳಿ ಪಾಸು ಮಾಡಿಸೋಣ ಎಂದು ಚಿಕ್ಕಬೀರಪ್ಪ ಜನ ಕಟ್ಟಿಕೊಂಡು ಬಂದಿದ್ದ.

ಅವನು ವೇದಿಕೆಯ ಕೆಳಗೆ ನಿಂತು ಡಾಕ್ಟರಮ್ಮನಿಗೆ ಕೈಮುಗಿದು, ಬಸವರಾಜಪ್ಪನವರಿಗೆ ವಯಸ್ಸಾಗಿದೆ, ಓದಿದ್ದು ಮರೆತಿರಬಹುದು, ಹೊಟ್ಟೆಗೆ ಹಾಕಿಕೊಂಡು ಪಾಸು ಮಾಡಬೇಕು ಎಂದು ಕೇಳಿಕೊಂಡ. ಓಬಮ್ಮ ಅವನನ್ನು ಪಕ್ಕಕ್ಕೆ ಸರಿಸಿದಳು.

"ನಮ್ ಡಾಕ್ಟ್ರು ಬಂಗಾರದಂಥ ಮನ್ಸ ಕಣವ್ವಾ. ಏನ್ ಕಾಯ್ಲೆನಾರ ಇರ್ಲಿ, ಕೆಂಪು ಸೂಜಿ ಹಾಕ್ದೆ ಒಬ್ರನ್ನೂ ವಾಪಸ್ ಕಳ್ಸಿಲ್ಲ."

ಅವಳ ತಲೆಯ ಮೇಲೆ, ಪರದೆಯಲ್ಲಿ, ಅಡ್ಡಗೆರೆ ಎಳೆದ ಸಿರಿಂಜು. ಇಡೀ ಮಂಟಪ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇವರು ಎದ್ದರು, ಯಾರ ಮುಖವನ್ನೂ ನೋಡದೆ ಪಕ್ಕದ ಬಾಗಿಲಿಗೆ ನಡೆದರು. ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರುವ ಮನುಷ್ಯನಲ್ಲ. ಸಂಜೆಯ ಹೆಬ್ಬೆರಳಿಲ್ಲ, ಅಂಕವಿಲ್ಲ, ಕ್ಲಿನಿಕ್ಕೂ ಇಲ್ಲ. ಅಡ್ಡ ಹಾಕಲು ನಾನು ಎದ್ದೆ, ಆದರೆ ಕುರ್ಚಿಗಳ ಸಾಲು ದಾಟಿ ಹೋಗುವಷ್ಟರಲ್ಲಿ ಅವರ ಕೈ ಆಗಲೇ ಬಾಗಿಲ ಮೇಲಿತ್ತು.

"ಯಾಕಪ್ಪಾ ಹೊಂಟೆ?" ಓಬಮ್ಮ ಕೂಗಿ ಕೇಳಿದಳು. "ನಾನೇನಾರ ತಪ್ಪು ಮಾತಾಡಿದ್ನಾ?"

ಉಳಿದವರ ನಗುವನ್ನು ಅವರು ಬೆನ್ನಿಗೆ ಬಿಟ್ಟು ಹೋಗುತ್ತಿದ್ದರು. ಈ ಪ್ರಶ್ನೆಯನ್ನು ಬಿಟ್ಟು ಹೋಗಲು ಆಗಲಿಲ್ಲ. ತಿರುಗಿ ನಿಂತರು.

"ತಪ್ಪು ನಿಂದಲ್ಲ ಕಣವ್ವಾ, ನಂದು. ಆ ಸೂಜೀಲಿ ಇದ್ದದ್ದು ಬರೀ ವಿಟಮಿನ್ನು. ನಿಂಗೆ ಅದು ಬೇಕೇ ಇರ್ಲಿಲ್ಲ. ಬೇಡ ಅಂತ ಕೂರಿಸ್ಕಂಡು ಹೇಳೋಕೆ ಹೊತ್ತಾಗುತ್ತೆ, ಹಾಕಿ ಕಳಿಸೋದು ಸುಲಭ. ಅದಕ್ಕೇ ಹಾಕ್ತಿದ್ದೆ."

ನಗು ನಿಂತಿತು. ಮುಂದಿನ ಸಾಲಿನ ಕೆಲವು ಡಾಕ್ಟರುಗಳು ತಮ್ಮ ಬೂಟುಗಳನ್ನು ನೋಡಿಕೊಳ್ಳತೊಡಗಿದ್ದನ್ನು ಗಮನಿಸಿದೆ, ಎಲ್ಲರ ಕ್ಲಿನಿಕ್ಕಿನಲ್ಲೂ ಒಂದೊಂದು ಕೆಂಪು ಸೂಜಿ ಇರಬೇಕು. ಡಾಕ್ಟರಮ್ಮ, ಸಾರ್, ದಯವಿಟ್ಟು ಕೂತ್ಕೊಳ್ಳಿ, ನಾನು ಹೇಳೋಕೆ ಹೊರಟಿದ್ದನ್ನ ನೀವೇ ಹೇಳಿಬಿಟ್ರಿ ಎಂದರು. ಇವರು ವಾಪಸು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ನನಗೆ ಅಳು ಬಂತು, ಸೀನಿದಂತೆ ಮಾಡಿ ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

ಶಿವನಿಯವರು ಹೋಗಲಿಲ್ಲ. ಫಲಿತಾಂಶ ತಿಳಿಯದೆ ಹೋಗುವುದು ಹೇಗೆ ಎಂದು ಹಿಂದೆ ಕೂತು, ಸಕ್ಕರೆ ಕಾಯಿಲೆಯ ಪಾಠವನ್ನೂ ಕೇಳಿದರು. ಓಬಮ್ಮ ಮಾತ್ರ ಊಟದ ಪಂಕ್ತಿಯಲ್ಲೂ ಇವರ ಕಡೆ ತಿರುಗಲಿಲ್ಲ. ಸಂಜೆ ಹೆಬ್ಬೆರಳು ಬಿದ್ದು, ಮೆಷಿನ್ನು ಪೀಂ ಎಂದಾಗ ಚಿಕ್ಕಬೀರಪ್ಪ ತನ್ನ ಶಿಫಾರಸು ನಡೆಯಿತೆಂದು ಮೀಸೆ ಸವರಿಕೊಂಡ. ನನಗೆ ಸಂತೋಷಪಡಲು ಧೈರ್ಯವಿರಲಿಲ್ಲ. ಅಂಕ ಬಂದಿತ್ತು, ಆದರೆ ಓಬಮ್ಮನಂಥವರು ಬಾರದೆ ಹೋದರೆ ನವೀಕರಿಸಿದ ಡಾಕ್ಟರನ್ನು ಇಟ್ಟುಕೊಂಡು ನಾನೇನು ಮಾಡಲಿ?

ಹೊರಗೆ ಮೆಟ್ಟಿಲ ಮೇಲೆ ಅವಳು ಕೂತಿದ್ದಳು. ಆಟೋದವನು ಕರೆಯುತ್ತಿದ್ದರೂ ಏಳಲಿಲ್ಲ. ಇವರು ಹತ್ತಿರ ಬಂದಾಗ ಮುಖವೆತ್ತಿ ನೋಡಿದಳು.

"ಸೂಜಿ ಬ್ಯಾಡ ಅಂದ್ರೆ ಬ್ಯಾಡ, ಬಿಡು. ಆದ್ರೆ ನಂಗೆ ಏನಾಗೈತೆ ಅಂತ ಪೂರ್ತಿ ಕೇಳ್ಬೇಕು ನೀನು. ಇಷ್ಟು ವರ್ಸದಲ್ಲಿ ಒಂದ್ಸಲಾನೂ ಕೇಳ್ಳಿಲ್ಲ. ತೋಳು ತೋರ್ಸು ಅಂತಿದ್ದೆ, ಅಷ್ಟೇಯ."

ಇವರು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತರು.

"ಈಗ್ಲೇ ಹೇಳವ್ವಾ."

ಓಬಮ್ಮ ತನ್ನ ಮದುವೆಯಾದ ವರ್ಷದಿಂದ ಶುರು ಮಾಡಿದಳು. ಮೊದಲ ಹೆರಿಗೆಗೆ ಬಂದಳು, ಅಲ್ಲಿಂದ ಸೊಂಟಕ್ಕೆ ಬಂದಳು, ಸೊಂಟದಿಂದ ಸೊಸೆಗೆ ಹೋದಳು. ಆಟೋದಲ್ಲಿದ್ದವರು ಒಬ್ಬೊಬ್ಬರಾಗಿ ಇಳಿದು, ತಂದಿದ್ದ ಎಳನೀರನ್ನು ತಾವೇ ಕೊಚ್ಚಿಕೊಂಡು ಕುಡಿದರು. ಇವರು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ. ನಮ್ಮ ಮದುವೆಯಾದ ಮೇಲೆ ಆ ಮನುಷ್ಯ ಹಾಗೆ ಕೂತು ಇನ್ನೊಬ್ಬರ ಮಾತು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು, ಓಬಮ್ಮನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.