ಕೆಂಪು ಕ್ಯಾಲಿಪರ್, ಮಾತಾಡದ ಸೊಸೆ

ನಮ್ಮ ಬೈರಮಲಿ ಊರಿನಲ್ಲಿ ಕಾರುಗಳೆಲ್ಲ ಬಿಳಿ. ನಮ್ಮದೂ ಬಿಳಿ, ಎದುರುಮನೆಯದೂ ಬಿಳಿ, ನನ್ನ ನಾದಿನಿಯ ಗಂಡ ಪಿರ್ಲಿಯದೂ ಬಿಳಿ. ಹಾಗಾಗಿ ಯಾರಿಗಾದರೂ ತಮ್ಮ ಬಣ್ಣ ತೋರಿಸಬೇಕೆನಿಸಿದರೆ ಉಳಿದಿರುವ ಜಾಗ ಚಕ್ರದ ಸಂದಿಯೊಂದೇ. ನನ್ನ ಗಂಡ ನೂರ್‌ಬೆರ್ದಿಗೆ ಇದು ಹೊಳೆದದ್ದು ಮದುವೆಯ ಹಿಂದಿನ ದಿನ ಬೆಳಿಗ್ಗೆ.

ಮದುವೆ ಅವರ ತಮ್ಮನ ಮಗನದು. ಹೆಣ್ಣನ್ನು ಕರೆತರಲು ಹೋಗುವ ಹದಿನೈದು ಕಾರುಗಳ ಸಾಲಿನಲ್ಲಿ ಮೊದಲನೆಯದು ನಮ್ಮದು. ಮದುಮಗಳು ಕೂರುವುದೂ ಅದರಲ್ಲೇ. ಕಾರಣಾಂತರದಿಂದ ಅದು ಹೊರಡದಿದ್ದರೆ ಪಿರ್ಲಿಯ ಕಾರು. ಆ ಕಾರಣಾಂತರವನ್ನು ಎದುರು ನೋಡುತ್ತ ಪಿರ್ಲಿ ಒಂದು ವಾರದಿಂದ ದಿನಕ್ಕೆರಡು ಸಲ ಕಾರು ತೊಳೆಯುತ್ತಿದ್ದ.

ನಮ್ಮವರು ಮುಂದಿನ ಎರಡೂ ಚಕ್ರ ಬಿಚ್ಚಿದರು. ಒಳಗೆ ಬ್ರೇಕಿನ ಡಿಸ್ಕನ್ನು ಕಚ್ಚಿ ಹಿಡಿಯುವ ಕಬ್ಬಿಣದ ಮುಷ್ಟಿಯೊಂದು ಇರುತ್ತದೆ, ಅದೇ ಕ್ಯಾಲಿಪರ್. ಅದನ್ನು ಪೈಪಿನಿಂದ ಬಿಡಿಸದೆ, ತಂತಿಯಲ್ಲಿ ನೇತುಹಾಕಿ ಅಲ್ಲೇ ಬಣ್ಣ ಬಳಿಯಬಹುದಂತೆ. ನಮ್ಮವರಿಗೆ ಅರ್ಧ ಕೆಲಸ ಒಗ್ಗುವುದಿಲ್ಲ. ಪೈಪು ಕಳಚಿ ಎರಡನ್ನೂ ಹೊರಗೆ ತಂದರು. ತಂತಿ ಬ್ರಷ್ಷಿನಿಂದ ತಿಕ್ಕಿದರು, ಸ್ಪ್ರೇ ಹೊಡೆದು ಜಿಡ್ಡು ಇಳಿಸಿದರು, ರಬ್ಬರಿಗೆ ಟೇಪು ಸುತ್ತಿದರು, ಶಾಖ ತಾಳುವ ಕೆಂಪು ಬಣ್ಣವನ್ನು ಮೂರು ಸಲ ಬಳಿದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವರು ಒಂದು ವಸ್ತುವನ್ನು ಇಷ್ಟು ಮೃದುವಾಗಿ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನಾವು ಚಹಾ ಕುಡಿಯುವ ಅಂಗಳದ ಕಟ್ಟೆಮಂಚದ ಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿ ಒಣಗಿಸಿದರು. ನಾವು ನೆಲದಲ್ಲಿ ಕೂತು ಚಹಾ ಕುಡಿದೆವು.

ಮಧ್ಯಾಹ್ನ ಮತ್ತೆ ಜೋಡಿಸಿದ ಮೇಲೆ ತಕರಾರು ಶುರುವಾಯಿತು. ಪೈಪು ಕಳಚಿದಾಗ ಒಳಗೆ ಗಾಳಿ ಸೇರಿಕೊಳ್ಳುತ್ತದೆ, ಅದನ್ನು ಹೊರಗೆ ಬಿಡಬೇಕು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಣ್ಣದೊಂದು ಸ್ಕ್ರೂ ಸಡಿಲಿಸಬೇಕು. ಮಗ ಗ್ಯಾಸ್ ಬಾವಿಯ ಪಾಳಿಯಲ್ಲಿ ಮರುಭೂಮಿಯಲ್ಲಿದ್ದ. ಆದ್ದರಿಂದ ಒತ್ತುವ ಪಾಳಿ ನನ್ನದು. ಒತ್ತು ಎಂದಾಗ ಒತ್ತಿದೆ, ಬಿಡು ಎಂದಾಗ ಬಿಟ್ಟೆ. ಒಂದೂವರೆ ಗಂಟೆ ಹೀಗೇ ಆಯಿತು. ಪೆಡಲ್ ಮಾತ್ರ ಹಿಟ್ಟಿನ ಮುದ್ದೆಗೆ ಕಾಲಿಟ್ಟ ಹಾಗೆ ನೆಲದವರೆಗೆ ಇಳಿಯುತ್ತಲೇ ಇತ್ತು. ಬ್ರೇಕಿಲ್ಲದ ಕಾರಿನಲ್ಲಿ ಮದುಮಗಳನ್ನು ಕೂರಿಸುವುದಾದರೂ ಹೇಗೆ? ಅಷ್ಟರಲ್ಲಿ ಪಿರ್ಲಿ ಫೋನ್ ಮಾಡಿ, ಎಲ್ಲ ಸರಿಯಾಗಿದೆಯಲ್ಲ ಎಂದು ಬಹಳ ಕಾಳಜಿಯಿಂದ ವಿಚಾರಿಸಿಕೊಂಡ.

ಸೊಸೆ ಐನಬಾತ್ ತಂದೂರಿನ ಬಳಿ ಮದುವೆಯ ರೊಟ್ಟಿ ಬಡಿಯುತ್ತಿದ್ದಳು. ಬಂದು ಹತ್ತು ತಿಂಗಳಾಗಿತ್ತು. ತಲೆವಸ್ತ್ರದ ಅಂಚು ತುಟಿಗಳ ನಡುವೆ. ಮಾವನಾದವನು ಉಡುಗೊರೆ ಕೊಟ್ಟು ಬಾಯಿ ಬಿಡಿಸುವವರೆಗೆ ನಮ್ಮಲ್ಲಿ ಸೊಸೆ ಅವನೆದುರು ಮಾತಾಡುವಂತಿಲ್ಲ. ನನ್ನ ಮಾವ ನನ್ನ ಬಾಯಿ ಬಿಡಿಸಿದ್ದು ಮೂರನೇ ತಿಂಗಳಿಗೆ; ಆಮೇಲೆ ಅದಕ್ಕಾಗಿ ಅವರು ಬಹಳ ಸಲ ಮರುಗಿದ್ದುಂಟು. ನಮ್ಮವರು ಅಪ್ಪನ ತಪ್ಪಿನಿಂದ ಪಾಠ ಕಲಿತವರು. ಉಡುಗೊರೆಯ ಮಾತೆತ್ತಿದರೆ, ಮನೆಯಲ್ಲಿ ಈಗಾಗಲೇ ಒಂದು ರೇಡಿಯೊ ಇದೆ ಎಂದು ನನ್ನ ಕಡೆ ನೋಡುತ್ತಿದ್ದರು.

ಐನಬಾತ್ ಸುಮ್ಮನಿದ್ದದ್ದು ಬಾಯಲ್ಲಿ ಮಾತ್ರ. ಅವಳ ಅಪ್ಪನಿಗೆ ಮೇರಿ ಪಟ್ಟಣದಲ್ಲಿ ಬ್ರೇಕ್ ರಿಪೇರಿಯದೇ ಗ್ಯಾರೇಜು. ಹುಡುಗಿ ಬೆಳೆದದ್ದು ಸ್ಪ್ಯಾನರುಗಳ ನಡುವೆ. ಆ ಬೀಗರನ್ನು ಕರೆಸೋಣವೇ ಎಂದು ನಾನು ಕೇಳಿದ್ದಕ್ಕೆ, ಅದಕ್ಕಿಂತ ಕಾರನ್ನು ಒಂಟೆಗೆ ಕಟ್ಟಿ ಎಳೆಸುತ್ತೇನೆ ಎಂದಿದ್ದರು ನಮ್ಮವರು. ಸೊಸೆ ರೊಟ್ಟಿಯ ಬುಟ್ಟಿ ಹೊತ್ತು ಕಾರಿನ ಪಕ್ಕ ಎರಡು ಸಲ ಹಾದುಹೋದಳು. ಮೂರನೇ ಸಲ ಬುಟ್ಟಿ ಖಾಲಿಯಿತ್ತು. ಬಗ್ಗಿ ಚಕ್ರದ ಕಡೆ ನೋಡಿ, ನನ್ನ ಕಿವಿಯಲ್ಲಿ ಏನೋ ಉಸುರಿದಳು.

"ರೀ, ಮೇಲಿರ್ಬೇಕಾದ್ದು ಕೆಳಗಿದೆಯಂತೆ," ಎಂದೆ ನಾನು.

"ಯಾವುದು?"

"ಸ್ಕ್ರೂನೋ ಏನೋ."

"ನೀನ್ಯಾವಾಗ ಮೆಕ್ಯಾನಿಕ್ ಆದೆ?"

"ನಾನಲ್ಲ, ಅವಳು."

"ಹಾಗಾದ್ರೆ ಅವಳೇ ಹೇಳ್ಲಿ."

"ಹೇಗೆ ಹೇಳ್ತಾಳೆ? ಬಾಯಿಗೆ ಬ್ರೇಕ್ ಹಾಕಿರೋರು ನೀವು. ಈ ಮನೇಲಿ ಸರಿಯಾಗಿ ಹಿಡಿದಿರೋದು ಅದೊಂದೇ."

ಕಾರಿನ ಕೆಳಗೆ ನಮ್ಮವರು ಲೆಕ್ಕ ಹಾಕತೊಡಗಿದರು. ನಾಳೆ ಪಿರ್ಲಿಯ ಕಾರಿನ ಹಿಂದೆ ಅದರ ಹೊಗೆ ಕುಡಿಯುತ್ತ ಹೋಗುವುದೋ, ಅಥವಾ ಇನ್ನುಳಿದ ಆಯುಷ್ಯವೆಲ್ಲ ಮನೆಯಲ್ಲಿ ಎರಡು ರೇಡಿಯೊ ಕೇಳುವುದೋ, ಅಷ್ಟೇ ಲೆಕ್ಕ. ಐದು ನಿಮಿಷ ಬೇಕಾಯಿತು. ಆಮೇಲೆ ಎದ್ದು ಬಂದು, ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕಾರಿನ ಮೂತಿಗೆ ಕಟ್ಟಲೆಂದು ತಂದಿಟ್ಟಿದ್ದ ರೇಷ್ಮೆ ವಸ್ತ್ರವನ್ನು ತೆಗೆದು ಅವಳ ಹೆಗಲಿಗೆ ಹೊದಿಸಿದರು.

"ತಗೋಮ್ಮ. ಮಾತಾಡು."

ಐನಬಾತ್ ತುಟಿಯಿಂದ ಅಂಚು ಬಿಟ್ಟಳು. ಇಂಥ ಹೊತ್ತಿನಲ್ಲಿ ಸೊಸೆಯಂದಿರು ಮೊದಲು ಮಾವನನ್ನು ಕಾಕಾ, ಅತ್ತೆಯನ್ನು ಎಜೆ ಎಂದು ಕರೆದು ಸಲಾಂ ಹೇಳಿ, ಮನೆತನದ ಏಳಿಗೆ ಕೋರುವುದು ವಾಡಿಕೆ.

"ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದೀರಿ, ಕಾಕಾ," ಎಂದಳು. "ಅದಕ್ಕೇ ಸ್ಕ್ರೂ ಕೆಳಗೆ ಬಂದಿದೆ. ಗಾಳಿ ಮೇಲೆ ಕೂತಿರತ್ತೆ. ಸಂಜೆವರೆಗೂ ಎಜೆ ಒತ್ತಿದ್ರೂ ಹೊರಗೆ ಬರಲ್ಲ."

ಕಟ್ಟೆಮಂಚದ ಮೇಲೆ ಅಕ್ಕಪಕ್ಕ ಮಲಗಿದ್ದ ಎರಡೂ ಜೋಡಿಸುವಾಗ ಅದಲುಬದಲಾಗಿದ್ದವು. ನಮ್ಮವರು ನನ್ನನ್ನು ನೋಡಿದರು. ನಗು ತಡೆದುಕೊಳ್ಳಲು ನಾನು ತಂದೂರನ್ನು ನೋಡಿದೆ.

ಹತ್ತು ತಿಂಗಳಿಂದ ಕೂಡಿಟ್ಟದ್ದು ಅಷ್ಟಕ್ಕೇ ಮುಗಿಯುತ್ತದೆಯೇ? ರಬ್ಬರಿನ ಟೇಪು ಹಾಗೇ ಉಳಿದಿದೆ ಎಂದಳು. ಜಾಕಿನ ಜೊತೆ ಕಾರಿನಡಿಗೆ ಮರದ ದಿಮ್ಮಿ ಇಡದೆ ಮಲಗಬಾರದು ಎಂದಳು. ಬ್ರೇಕ್ ಆಯಿಲ್ ತಾಗಿದಲ್ಲೆಲ್ಲ ಬಣ್ಣ ಏಳುತ್ತದೆ, ಬೇಗ ನೀರು ಸುರಿಯಿರಿ ಎಂದಳು. ಸುರಿಯುವಷ್ಟರಲ್ಲಿ ಒಂದು ಕ್ಯಾಲಿಪರಿನ ಬಣ್ಣ ಬಯಲಾಗಿ, ಬಿಸಿಲಿಗೆ ಸುಲಿದ ಮೂಗಿನ ಹಾಗೆ ಕಾಣುತ್ತಿತ್ತು. ಇನ್ನೊಂದು ಸಲ ಬಳಿದುಬಿಡಲೇ ಎಂದು ನಮ್ಮವರು ಕೇಳಿದ್ದು ತೀರ ಸಣ್ಣ ದನಿಯಲ್ಲಿ.

"ಮೊದ್ಲು ಕಾರು ನಿಲ್ಲೋ ಹಾಗಾಗ್ಲಿ, ಕಾಕಾ."

ದಿಮ್ಮಿ ಇಟ್ಟರು. ಬಿಚ್ಚಿದರು, ಅದಲುಬದಲು ಮಾಡಿ ಬಿಗಿದರು. ಒತ್ತಿ ಒತ್ತಿ ನೋಯುತ್ತಿದ್ದ ನನ್ನ ಮೊಣಕಾಲು ನೋಡಿ ಐನಬಾತ್ ನನ್ನನ್ನು ಕೆಳಗಿಳಿಸಿ, ತಾನೇ ಸ್ಟಿಯರಿಂಗ್ ಹಿಂದೆ ಕೂತಳು. ಈಗ ಆಜ್ಞೆ ಮೇಲಿನಿಂದ ಬರತೊಡಗಿತು. ತೆಗೀರಿ. ಮುಚ್ಚಿ. ತೆಗೀರಿ. ಬುಳುಬುಳು ಎಂದು ಗಾಳಿ ಹೊರಬಂದ ಸದ್ದು ನನಗೂ ಕೇಳಿಸಿತು. ನಾಲ್ಕನೇ ಸಲಕ್ಕೆ ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು.

ಆಗಲೇ ಪಿರ್ಲಿಯ ಫೋನು ಮತ್ತೆ ಬಂತು. ಕಾರಿನ ಕೆಳಗಿನಿಂದ ನಮ್ಮವರ ದನಿ ಒಮ್ಮೆಲೇ ಏರಿತು. "ಅವನಿಗೆ ಹೇಳು, ನಾಳೆ ನಮ್ಮ ಹಿಂದೆ ಸ್ವಲ್ಪ ದೂರ ಬಿಟ್ಕೊಂಡೇ ಬರ್ಲಿ, ಯಾಕೇಂದ್ರೆ ನಮ್ಮ ಬ್ರೇಕು..."

"ಮಾತು ಸಾಕು, ಕಾಕಾ," ಎಂದಳು ಸೊಸೆ. "ಸ್ಕ್ರೂ ಬಿಗಿ ಮಾಡಿ."

ಬಿಗಿ ಮಾಡಿದರು.